ಆಹಾರ ಸಂಸ್ಕರಣಾ ಘಟಕಗಳಲ್ಲಿ ವಿಷಾನಿಲ ಅವಘಡಗಳು

ಮೀನು, ಮಾಂಸ, ಹಾಲು, ಬಿಯರು ಮುಂತಾದವನ್ನು ಸಂಸ್ಕರಿಸುವ ಕಾರ್ಖಾನೆಗಳಲ್ಲಿ ಕಾರ್ಮಿಕರ ಜೀವಕ್ಕೆ ಎರವಾಗುವ ಅನಿಲಗಳಲ್ಲಿ ಕೆಲವು ಹುದುಗುವ, ಕೊಳೆಯುವ ಪದಾರ್ಥದಿಂದಲೇ ಹುಟ್ಟುತ್ತವೆ; ಇನ್ನು ಕೆಲವನ್ನು ತಂಪು ಮಾಡಲೆಂದು ನಾವೇ ತಂದಿಟ್ಟುಕೊಂಡಿದ್ದೇವೆ.

ಮೊದಲನೆಯ ಬಗೆ ಹಳೆಯದು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಬಿಯರು ಕಾರ್ಖಾನೆಯ ನೆರೆಯಲ್ಲಿದ್ದ ಜೋಸೆಫ್ ಪ್ರೀಸ್ಟ್ಲಿ 1767ರ ಸುಮಾರಿಗೆ ಹುದುಗುತೊಟ್ಟಿಗಳ ಮೇಲೆ ನಿಲ್ಲುವ ಗಾಳಿಯನ್ನು ಪರೀಕ್ಷಿಸಿದ. ಅದರಲ್ಲಿ ಹಿಡಿದ ಬೆಂಕಿ ಆರಿಹೋಗುತ್ತಿತ್ತು. ಅದು ಇಂಗಾಲದ ಡೈಆಕ್ಸೈಡ್; ಗಾಳಿಗಿಂತ ಒಂದೂವರೆ ಪಟ್ಟು ಭಾರ, ಹಾಗಾಗಿ ಖಾಲಿ ತೊಟ್ಟಿಯ ತಳದಲ್ಲೂ ಉಳಿದಿರುತ್ತದೆ. ಪ್ರೀಸ್ಟ್ಲಿಯ ಸೋಡಾ ನೀರು ಹುಟ್ಟಿದ್ದು ಈ ಅನಿಲದಿಂದಲೇ. ತೊಟ್ಟಿ ತೊಳೆಯಲು ಇಳಿಯುವವರ ಪ್ರಾಣ ತೆಗೆಯುವುದೂ ಇದೇ.

1870ರ ದಶಕದಲ್ಲಿ ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಅಮೋನಿಯಾ ಬಳಸುವ ಶೀತಕ ಯಂತ್ರವನ್ನು ರೂಪಿಸಿದ ಮೇಲೆ ಐಸ್ ಪ್ಲಾಂಟು, ಕೋಲ್ಡ್ ಸ್ಟೋರೇಜುಗಳಿಗೆಲ್ಲ ಆ ಅನಿಲ ಬಂತು. ಅದರ ಘಾಟು ಬೇಗ ಮೂಗಿಗೆ ಬಡಿಯುತ್ತದೆ, ಓಡಲು ಹೇಳುತ್ತದೆ. ಅಷ್ಟರ ಮಟ್ಟಿಗೆ ಅದು ಪ್ರಾಮಾಣಿಕ ಅನಿಲ. ಆದರೆ ದಶಲಕ್ಷ ಭಾಗ ಗಾಳಿಯಲ್ಲಿ 300 ಭಾಗ ಸೇರಿದರೆ ಜೀವಕ್ಕೆ ಅಪಾಯ. 2010ರ ಆಗಸ್ಟ್ 23ರಂದು ಅಮೆರಿಕದ ಅಲಬಾಮಾದ ಥಿಯೊಡೋರ್‌ನ ಶೀತಲಗೃಹದಲ್ಲಿ ಕೊಳವೆ ಒಡೆದು ಸುಮಾರು 14.5 ಟನ್ ಅಮೋನಿಯಾ ಹೊರಬಿತ್ತು. ಗಾಳಿ ಬೀಸಿದ ಕಡೆ ಇದ್ದ ನೂರಾರು ಮಂದಿ ಅದಕ್ಕೆ ಸಿಕ್ಕರು.

ದ್ರವ ಸಾರಜನಕಕ್ಕೆ ಇಂಥ ಘಾಟೂ ಇಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ಶೇ. 78ರಷ್ಟು ಇರುವುದು ಅದೇ, ವಿಷವೆನ್ನುವಂತಿಲ್ಲ. ಆದರೆ ಮೈನಸ್ 196 ಡಿಗ್ರಿಯ ಆ ದ್ರವ ಆವಿಯಾದಾಗ ಸುಮಾರು 700 ಪಟ್ಟು ಹಿಗ್ಗಿ ಕೋಣೆಯ ಆಮ್ಲಜನಕವನ್ನು ಹೊರದಬ್ಬುತ್ತದೆ. 2021ರ ಜನವರಿ 28ರಂದು ಜಾರ್ಜಿಯಾ ರಾಜ್ಯದ ಗೇನ್ಸ್‌ವಿಲ್‌ನ ಕೋಳಿಮಾಂಸ ಘಟಕದಲ್ಲಿ ಆದದ್ದು ಹೀಗೆ. ಫ್ರೀಜರಿನೊಳಗೆ ದ್ರವದ ಮಟ್ಟ ಅಳೆಯುವ ಒಂದು ನಳಿಗೆ ಬಾಗಿತ್ತು. ಮಟ್ಟ ತಿಳಿಯದೆ ಯಂತ್ರ ತುಂಬಿ ಹರಿಯಿತು. ಆಮ್ಲಜನಕ ಇಳಿದರೆ ಕೂಗಿ ಎಚ್ಚರಿಸುವ ಉಪಕರಣವೇ ಅಲ್ಲಿರಲಿಲ್ಲ. ಸತ್ತ ಆರು ಮಂದಿಯಲ್ಲಿ, ಒಳಗಿದ್ದವರಿಗೆ ಏನಾಯಿತೆಂದು ನೋಡಲು ಹೋದವರೂ ಇದ್ದರು.

ಈ ಅವಘಡಗಳ ಇತಿಹಾಸದುದ್ದಕ್ಕೂ ಹೀಗೆ ಕಾಪಾಡಲು ಹೋದವರು ಸಾಲಾಗಿ ಬಿದ್ದಿದ್ದಾರೆ. ಮಂಗಳೂರು ಬಳಿಯ ಬಜ್ಪೆಯ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕದಲ್ಲಿ 2022ರ ಏಪ್ರಿಲ್ 17ರಂದು ಮೀನಿನ ತ್ಯಾಜ್ಯದ ತೊಟ್ಟಿಯೊಳಗೆ ಒಬ್ಬ ಕಾರ್ಮಿಕ ಕುಸಿದ. ಎತ್ತಲು ಇಳಿದವರೂ ಕುಸಿದರು. ಪಶ್ಚಿಮ ಬಂಗಾಳದಿಂದ ದುಡಿಯಲು ಬಂದಿದ್ದ ಐವರು ಸತ್ತರು. ಕೊಳೆಯುವ ಮೀನಿನಿಂದ ಏಳುವ ಅನಿಲಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಮುಖ್ಯವಾದದ್ದು. ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಪ್ರಮಾಣ ಏರಿದಂತೆ ಮೂಗಿನ ಗ್ರಹಣಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಹೋಯಿತು, ಇನ್ನು ಇಳಿಯಬಹುದು ಎನ್ನುವ ಲೆಕ್ಕ ತಪ್ಪುವುದು ಅಲ್ಲೇ.

ಭಾರತದಲ್ಲಿ ಇದಕ್ಕೆ ಕಾನೂನು ಇರಲಿಲ್ಲವೆಂದಲ್ಲ. 1948ರ ಕಾರ್ಖಾನೆಗಳ ಕಾಯ್ದೆಯ 36ನೇ ಕಲಮು, ಅನಿಲ ತುಂಬಿರಬಹುದಾದ ತೊಟ್ಟಿ, ಗುಂಡಿಗಳಿಗೆ ಯಾರನ್ನೂ ಸುಮ್ಮನೆ ಇಳಿಸುವಂತಿಲ್ಲ ಎಂದಿತು. ಒಳಗೆ ಅಪಾಯವಿಲ್ಲವೆಂದು ಪರೀಕ್ಷಿಸಿ ಅರ್ಹ ವ್ಯಕ್ತಿ ಬರೆದುಕೊಡಬೇಕು. ಇಲ್ಲವೇ ಇಳಿಯುವವನಿಗೆ ಉಸಿರಾಟದ ಸಾಧನವೂ ಹಗ್ಗ ಕಟ್ಟಿದ ಸೊಂಟಪಟ್ಟಿಯೂ ಇರಬೇಕು, ಹಗ್ಗದ ತುದಿ ಹೊರಗಿರುವವನ ಕೈಯಲ್ಲಿರಬೇಕು. ಮುಖಕ್ಕೆ ಕಟ್ಟಿದ ಬಟ್ಟೆ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ; ಅನಿಲ ಅದರ ಎಳೆಗಳ ನಡುವೆಯೇ ಒಳಬರುತ್ತದೆ.