ಬೆಳಗಾಗುವ ತನಕ: ನಂಜನಗೂಡು–ತಿ. ನರಸೀಪುರ ಸೀಮೆಯ ಇರುಳಿನ ಮನರಂಜನೆ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಇರುಳಿನ ಮನರಂಜನೆಯೆಂಬುದು ಬಹುಕಾಲ ರಾತ್ರಿಯ ಊಟವಾದ ಮೇಲೆ ಆರಂಭವಾಗಿ ಮೂಡಲು ಕೆಂಪೇರುವ ತನಕ ಸಾಗುತ್ತಿದ್ದ ವ್ಯವಹಾರವಾಗಿತ್ತು. ನೀಲಗಾರರ ಕಥೆ, ಮೂಡಲಪಾಯ ಬಯಲಾಟ, ಹಳ್ಳಿಯವರೇ ಬಣ್ಣ ಹಚ್ಚುವ ಪೌರಾಣಿಕ ನಾಟಕ, ಶಿವರಾತ್ರಿಯ ಜಾಗರಣೆ, ಇವೆಲ್ಲವೂ ಈ ಕಟ್ಟಿಗೆ ಒಳಪಟ್ಟಿದ್ದವು. ಇದಕ್ಕೆ ಧಾರ್ಮಿಕ ಕಾರಣಗಳನ್ನು ಹೇಳುವುದು ವಾಡಿಕೆಯಾದರೂ ದಾರಿಯ ಕಾರಣವನ್ನು ಕಡೆಗಣಿಸುವಂತಿಲ್ಲ. ಒಂದೆರಡು ಹರಿದಾರಿ, ಅಂದರೆ ಮೂರರಿಂದ ಆರು ಮೈಲಿ, ದೂರದಿಂದ ಮಕ್ಕಳುಮರಿಯನ್ನು ಕಟ್ಟಿಕೊಂಡು ನಡೆದು ಬಂದವರು ನಡುರಾತ್ರಿಯಲ್ಲಿ ಆಟ ಮುಗಿದರೆ ಹಾವು, ಹಳ್ಳ, ಕಳ್ಳಕಾಕರ ಭಯದಲ್ಲಿ ಗದ್ದೆಯ ಬದುಗಳ ಮೇಲೆ ಮರಳಬೇಕಾಗುತ್ತಿತ್ತು; ಆಟ ಬೆಳಗಿನವರೆಗೆ ಎಳೆದರೆ ದಾರಿ ತಾನಾಗಿ ಕಾಣುತ್ತಿತ್ತು. ಆಟದ ಉದ್ದವೇ ನೋಡುಗರ ರಕ್ಷಣೆಯೂ ಆಗಿತ್ತೆಂದು ಹೇಳಲು ಅಡ್ಡಿಯಿಲ್ಲ.

ಈ ಏರ್ಪಾಟು ಅತ್ಯಂತ ಸ್ಪಷ್ಟವಾಗಿ ಕಾಣುವುದು ನೀಲಗಾರರ ಹಾಡಿಕೆಯಲ್ಲಿ. ನೀಲಗಾರರೆಂದರೆ ಮಂಟೇಸ್ವಾಮಿಯ ಒಕ್ಕಲಿಗೆ ಸೇರಿದ, ದೀಕ್ಷೆ ಪಡೆದ ಗಾಯಕರು. ತಂಬೂರಿ, ಗಗ್ಗರ, ದಮ್ಮಡಿಗಳು ಇವರ ವಾದ್ಯಗಳು. ಮಲೆಯ ಮಾದೇಶ್ವರನ ಕಥೆಯನ್ನು ಕಂಚಿನ ತಾಳವಾದ ಕಂಸಾಳೆಯೊಂದಿಗೆ ಹಾಡುವ ದೇವರಗುಡ್ಡರು ಇವರಿಗಿಂತ ಬೇರೆಯಾದರೂ ಸಂಚಾರದ ಸೀಮೆ ಬಹುಪಾಲು ಒಂದೇ. ಮಂಟೇಸ್ವಾಮಿ ಕಾವ್ಯವು ‘ಸಾಲು’ ಎಂಬ ಭಾಗಗಳಾಗಿ ವಿಂಗಡಣೆಗೊಂಡಿದ್ದು, ಕಥೆ ಮಾಡಿಸುವ ಮನೆಯವರ ಇಚ್ಛೆ, ಕೇಳುವವರ ಉತ್ಸಾಹ, ಉಳಿದಿರುವ ಇರುಳು, ಈ ಮೂರನ್ನೂ ನೋಡಿಕೊಂಡು ಗಾಯಕನು ಸಾಲನ್ನು ಹಿಗ್ಗಿಸಲೂ ಕುಗ್ಗಿಸಲೂ ಬಲ್ಲವನಾಗಿದ್ದನು. ಹಾಡುವವನು ಪರಿಚಿತ, ಅಂಗಳ ಪರಿಚಿತ, ಕುಳಿತವರೆಲ್ಲ ಬೀದಿಯವರೇ ಆದುದರಿಂದ ಹೆಂಗಸರೂ ಇರುಳಿಡೀ ಕುಳಿತು ಕೇಳಬಹುದಾದ ಕೂಟ ಇದಾಗಿತ್ತು. ಬೇರೆ ಕಾವಲುಗಾರನ ಅಗತ್ಯ ಬೀಳಲಿಲ್ಲ.

ಜಾತ್ರೆಯ ಇರುಳು ಇದಕ್ಕೆ ವಿರುದ್ಧವಾದದ್ದು, ಏಕೆಂದರೆ ಅಲ್ಲಿ ನೆರೆಯುವವರು ಪರಸ್ಪರ ಅಪರಿಚಿತರು. ನಂಜನಗೂಡಿನ ಶ್ರೀಕಂಠೇಶ್ವರನ ದೊಡ್ಡ ಜಾತ್ರೆಯಲ್ಲಿ ಗೌತಮ ರಥವೂ ಸೇರಿದಂತೆ ಐದು ತೇರುಗಳನ್ನು ಎಳೆಯುವುದು ಬೆಳಗಿನ ಜಾವದಲ್ಲಾದ್ದರಿಂದ ಭಕ್ತರು ಹಿಂದಿನ ರಾತ್ರಿಯೇ ಬಂದು ಸೇರಬೇಕಾಗುತ್ತದೆ. ಯಾತ್ರಿಕರು ಉಚಿತವಾಗಿ ತಂಗುವ ಛತ್ರಗಳು, ಕಪಿಲೆಯ (ಕಬಿನಿಯ) ಸ್ನಾನಘಟ್ಟ, ದೇವಾಲಯದ ಮುಂದಿನ ಬಯಲು ಆ ರಾತ್ರಿಯ ಮಟ್ಟಿಗೆ ಮನೆಗಳಾಗುತ್ತಿದ್ದವು. 1735ರಲ್ಲಿ ಕಟ್ಟಿದ ದಳವಾಯಿ ಸೇತುವೆಯಿಂದ ಹೊಳೆ ದಾಟುವ ಅಪಾಯ ತಗ್ಗಿತು. 19ನೆಯ ಶತಮಾನದ ಕೊನೆಯ ದಶಕದಲ್ಲಿ ಮೈಸೂರಿನಿಂದ ರೈಲು ಬಂದ ಮೇಲೆ ಜನಸಂದಣಿಯ ಸ್ವರೂಪವೇ ಬದಲಾಯಿತು. ನರಸೀಪುರಕ್ಕೆ ರೈಲು ಬರಲೇ ಇಲ್ಲ. ಗಾಡಿಯಲ್ಲಿ ಬಂದವರು ಗಾಡಿಯ ಕೆಳಗೇ ಮಲಗುವ ರೂಢಿ ಆ ತಾಲ್ಲೂಕಿನ ಮುಡುಕುತೊರೆಯ ದನಗಳ ಜಾತ್ರೆಯಲ್ಲಿ ಬಹುಕಾಲ ಉಳಿದುದಕ್ಕೆ ಇದೂ ಒಂದು ಕಾರಣವಿರಬೇಕು.

ಕಾವೇರಿ–ಕಪಿಲೆಗಳ ಸಂಗಮದ ಊರಾದ ನರಸೀಪುರದಲ್ಲಿ ಇರುಳಿನ ದೊಡ್ಡ ಅಪಾಯವೆಂದರೆ ನೀರು. ಕಾವೇರಿಯ ಸುಳಿಗಳೂ ಮಡುಗಳೂ ಹಗಲಲ್ಲೇ ವಂಚಿಸುವಂಥವು. ತಾಲ್ಲೂಕಿಗೆ ಸೇರಿದ ತಲಕಾಡಿನಲ್ಲಿ ಪಂಚಲಿಂಗ ದರ್ಶನವು ಪ್ರತಿವರ್ಷ ನಡೆಯದೆ, ಕಾರ್ತಿಕ ಮಾಸದಲ್ಲಿ ತಿಥಿ, ವಾರ, ನಕ್ಷತ್ರಗಳು ಕೂಡಿಬಂದ ವರ್ಷಗಳಲ್ಲಿ ಮಾತ್ರ ನಡೆಯುವುದರಿಂದ (2006, 2009, 2013, 2020) ಜನರು ಕತ್ತಲಲ್ಲೇ ಮರಳಿನ ದಿಣ್ಣೆಗಳ ನಡುವೆ ಸಾಲುಗಟ್ಟುತ್ತಾರೆ. 1989ರಲ್ಲಿ ಆರಂಭವಾದ ತಿರುಮಕೂಡಲಿನ ಕುಂಭಮೇಳದಲ್ಲಿ ಸಂಜೆಯ ದೀಪಾರತಿಯೂ ಸಾಂಸ್ಕೃತಿಕ ಕಾರ್ಯಕ್ರಮಗಳೂ ಸೇರಿ ನದೀತೀರವು ತಡರಾತ್ರಿಯವರೆಗೆ ಎಚ್ಚರವಾಗಿರುತ್ತದೆ; 2025ರ ಫೆಬ್ರವರಿ 10ರಿಂದ 12ರವರೆಗೆ ನಡೆದುದು ಇತ್ತೀಚಿನ ಮೇಳ. 1974ರಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಕಪಿಲೆಯ ಹರಿವು ಮಳೆಯೊಂದನ್ನೇ ಅವಲಂಬಿಸದೆ ಎಂಜಿನಿಯರರ ಲೆಕ್ಕಕ್ಕೂ ಒಳಪಟ್ಟಿತು. ಆದರೂ 2018 ಮತ್ತು 2019ರ ಮಳೆಗಾಲಗಳಲ್ಲಿ ನಂಜನಗೂಡಿನ ಸ್ನಾನಘಟ್ಟ ಮುಳುಗಿದುದು, ಅಣೆಕಟ್ಟು ಅಭಯವನ್ನೂ ಭಯವನ್ನೂ ಒಟ್ಟಿಗೆ ತರುತ್ತದೆಂಬುದಕ್ಕೆ ಸಾಕ್ಷಿ.

ಟಿಕೆಟ್ಟಿನ ಮನರಂಜನೆ ಬಂದಾಗ ಹೊಣೆಗಾರಿಕೆ ಊರಿನ ಕೈಯಿಂದ ಮಾಲೀಕನ ಮತ್ತು ಸರ್ಕಾರದ ಕೈಗೆ ಜಾರಿತು. ಕಂಪನಿ ನಾಟಕಗಳ ತಾತ್ಕಾಲಿಕ ರಂಗಮಂದಿರಗಳಿಗೂ, ನೆಲ, ಬೆಂಚು, ಕುರ್ಚಿಗಳೆಂಬ ದರ್ಜೆಗಳಿದ್ದ ಟೆಂಟ್ ಸಿನಿಮಾಗಳಿಗೂ ಬೇಲಿ, ಬಾಗಿಲು, ಮುಗಿಯುವ ವೇಳೆಗಳಿದ್ದವು. ಗುಡಾರದೊಳಗೆ ಬೆಳಕು ನುಗ್ಗುವುದರಿಂದ ಟೆಂಟಿನಲ್ಲಿ ಹಗಲು ಪ್ರದರ್ಶನವೇ ಅಸಾಧ್ಯವಾಗಿತ್ತು. ಬೆಂಕಿಯ ಭಯ ಎಲ್ಲಕ್ಕಿಂತ ದೊಡ್ಡದು. 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯ ಪರವಾನಗಿ ವ್ಯವಸ್ಥೆಯ ಹಿಂದೆ ಈ ಭಯವೂ ಇತ್ತು, 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಹತ್ತಿದ ಬೆಂಕಿ ಅದು ಹುಸಿಯಲ್ಲವೆಂದು ತೋರಿಸಿತು.

ಧ್ವನಿವರ್ಧಕದ ಕಥೆ ಬೇರೆ. ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರು ಮೈಕಿಲ್ಲದ ಕಛೇರಿಗಳಲ್ಲಿ ಹಿಂದಿನ ಸಾಲಿನವರಿಗೂ ನಾದ ಮುಟ್ಟಲೆಂದು ಏಳು ತಂತಿಯ ಪಿಟೀಲನ್ನು ರೂಪಿಸಿಕೊಂಡರು. ಅವರ ನಂತರದ ತಲೆಮಾರಿಗೆ ಹಾರ್ಮೋನಿಯಂ ಮೇಷ್ಟ್ರೂ ಬಾಡಿಗೆಯ ಡ್ರಾಮಾ ಸೀನುಗಳೂ ಎಷ್ಟು ಅನಿವಾರ್ಯವೋ ಮೈಕೂ ಅಷ್ಟೇ ಅನಿವಾರ್ಯವಾಯಿತು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಮುಚ್ಚಿದ ಸಭಾಂಗಣಗಳ ಹೊರಗೆ ಧ್ವನಿವರ್ಧಕವನ್ನು ನಿಷೇಧಿಸಿದವು. ಹಬ್ಬ ಮತ್ತು ಸಾಂಸ್ಕೃತಿಕ ಸಂದರ್ಭಗಳಿಗಾಗಿ ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಕೆ ಕೊಡುವ ಅಧಿಕಾರವನ್ನು ರಾಜ್ಯಗಳಿಗೆ ಬಿಡಲಾಯಿತು. ರೋಗಿಗಳ, ಓದುವ ಮಕ್ಕಳ ನಿದ್ದೆಯ ದೃಷ್ಟಿಯಿಂದ ಈ ನಿಯಮ ಸಮಂಜಸವೇ. ಆದರೆ ಹಳ್ಳಿಯ ಕುರುಕ್ಷೇತ್ರ ನಾಟಕವನ್ನು ಅಕ್ಷರಶಃ ಈ ಗಡಿಯಲ್ಲಿ ನಿಲ್ಲಿಸಿದರೆ, ಹಿಂದಿನವರು ಜನರನ್ನು ದಾರಿಗೆ ಬಿಡಲು ಒಪ್ಪದಿದ್ದ ಹೊತ್ತಿನಲ್ಲೇ ನೋಡುಗರು ಎದ್ದು ಹೊರಡಬೇಕಾಗುತ್ತದೆ, ಮತ್ತು ಈಗ ಆ ದಾರಿಯಲ್ಲಿ ಭಯ ಹಾವಿನದಕ್ಕಿಂತ ಹೆಚ್ಚಾಗಿ ವೇಗದ ಬೈಕಿನದು, ದೀಪವಿಲ್ಲದೆ ನಿಂತ ಕಬ್ಬಿನ ಟ್ರ್ಯಾಕ್ಟರಿನದು.