ಬ್ರಿಟನ್ನಿನ ಕೆಂಪು ಅಳಿಲು: ಬೂದು ಅಳಿಲುಗಳ ನಿಯಂತ್ರಣ ಮತ್ತು ಸ್ಥಳೀಯ ಪ್ರಭೇದದ ಸಂರಕ್ಷಣೆ

ಪೀಠಿಕೆ

ಒಂದು ಪ್ರದೇಶಕ್ಕೆ ಸಹಜವಲ್ಲದ ಪ್ರಾಣಿ ಅಥವಾ ಸಸ್ಯವು ಮಾನವನ ಮೂಲಕ ಅಲ್ಲಿಗೆ ಬಂದು, ನೆಲೆಯೂರಿ, ಸ್ಥಳೀಯ ಜೀವಿಗಳಿಗೆ ಹಾನಿಯುಂಟುಮಾಡಿದಲ್ಲಿ ಅದನ್ನು ಆಕ್ರಮಣಕಾರಿ ಅನ್ಯಪ್ರಭೇದವೆಂದು ಕರೆಯಲಾಗುತ್ತದೆ. ಉತ್ತರ ಅಮೆರಿಕದ ಪೂರ್ವಭಾಗದಿಂದ ಬ್ರಿಟನ್ನಿಗೆ ತರಲಾದ ಬೂದು ಅಳಿಲು (ಸೈಯೂರಸ್ ಕೆರೊಲಿನೆನ್ಸಿಸ್) ಇದಕ್ಕೊಂದು ಪ್ರಮುಖ ನಿದರ್ಶನ. ಇದರಿಂದಾಗಿ ಅಲ್ಲಿನ ಸ್ಥಳೀಯ ಕೆಂಪು ಅಳಿಲು (ಸೈಯೂರಸ್ ವಲ್ಗ್ಯಾರಿಸ್) ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಬಹುಭಾಗದಿಂದ ಕಣ್ಮರೆಯಾಗಿದೆ.

ಈ ಕೆಂಪು ಅಳಿಲು ಪಶ್ಚಿಮ ಘಟ್ಟದ ಕೆಂಜಳಿಲಿಗಿಂತ ಭಿನ್ನವಾದ ಪ್ರಭೇದ. ಕೆಂಜಳಿಲು ಎರಡು ಕಿಲೋಗ್ರಾಂನಷ್ಟು ತೂಗಬಲ್ಲದು. ಬ್ರಿಟನ್ನಿನ ಕೆಂಪು ಅಳಿಲಿನ ತೂಕ ಸುಮಾರು 300 ಗ್ರಾಂ ಮಾತ್ರ. ಬೂದು ಅಳಿಲು ಅದರ ಸುಮಾರು ಎರಡು ಪಟ್ಟು ತೂಗುತ್ತದೆ.

ಹಿನ್ನೆಲೆ

ಬ್ರಿಟನ್ನಿನಲ್ಲಿ ಬೂದು ಅಳಿಲುಗಳನ್ನು ಬಿಡುಗಡೆ ಮಾಡಿದ ಮೊದಲ ದಾಖಲೆ 1876ರದು. ಸ್ಥಳ ಚೆಷೈರ್‌ನ ಹೆನ್ಬರಿ ಪಾರ್ಕ್. ಶ್ರೀಮಂತ ಭೂಮಾಲೀಕರು ತಮ್ಮ ಉದ್ಯಾನಗಳ ಅಲಂಕಾರಕ್ಕಾಗಿ ಇವುಗಳನ್ನು ತರಿಸಿಕೊಂಡರು. ಮುಂದಿನ ಅರ್ಧ ಶತಮಾನದಲ್ಲಿ ಹಲವೆಡೆ ಇದು ಪುನರಾವರ್ತನೆಯಾಯಿತು. 1911ರಲ್ಲಿ ಐರ್ಲೆಂಡಿಗೂ, 1948ರಲ್ಲಿ ಇಟಲಿಗೂ ಬೂದು ಅಳಿಲುಗಳು ತಲುಪಿದವು. ಹಾನಿಯ ಅರಿವಾಗಿ 1937ರಲ್ಲಿ ಬ್ರಿಟನ್ ಇವುಗಳ ಆಮದು ಮತ್ತು ಸಾಕಣೆಯನ್ನು ನಿಷೇಧಿಸಿತಾದರೂ, ಆ ವೇಳೆಗೆ ಅವು ಕಾಡುಗಳಲ್ಲಿ ಬೇರೂರಿದ್ದವು.

2018ರಲ್ಲಿ ಪ್ರಕಟವಾದ ಅಂದಾಜಿನಂತೆ ಗ್ರೇಟ್ ಬ್ರಿಟನ್ನಿನಲ್ಲಿ ಬೂದು ಅಳಿಲುಗಳ ಸಂಖ್ಯೆ ಸುಮಾರು 27 ಲಕ್ಷ; ಕೆಂಪು ಅಳಿಲುಗಳು ಸುಮಾರು 2.87 ಲಕ್ಷ. ಕೆಂಪು ಅಳಿಲುಗಳ ಪೈಕಿ ಬಹುಪಾಲು ಸ್ಕಾಟ್ಲೆಂಡಿನಲ್ಲಿವೆ. ಜಾಗತಿಕವಾಗಿ ಈ ಪ್ರಭೇದಕ್ಕೆ ಅಪಾಯವಿಲ್ಲದಿದ್ದರೂ, ಗ್ರೇಟ್ ಬ್ರಿಟನ್ನಿನ ಮಟ್ಟಿಗೆ ಇದನ್ನು 2020ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಲಾಗಿದೆ.

ಅವನತಿಯ ಕಾರಣಗಳು

ಬೂದು ಅಳಿಲು ಕೆಂಪು ಅಳಿಲನ್ನು ಕಚ್ಚಿ ಕೊಲ್ಲುತ್ತದೆ ಎಂಬುದು ಜನಸಾಮಾನ್ಯರಲ್ಲಿರುವ ತಪ್ಪು ಕಲ್ಪನೆ. ನೈಜ ಕಾರಣಗಳು ಎರಡು.

1. ಆಹಾರದ ಪೈಪೋಟಿ: ಓಕ್ ಮರದ ಬೀಜಗಳನ್ನು ಬೂದು ಅಳಿಲು ಕೆಂಪು ಅಳಿಲಿಗಿಂತ ಉತ್ತಮವಾಗಿ ಜೀರ್ಣಿಸಿಕೊಳ್ಳುತ್ತದೆ. ಆದ್ದರಿಂದ ಅಗಲ ಎಲೆಯ ಕಾಡುಗಳಲ್ಲಿ ಅದರ ಸಾಂದ್ರತೆ ಅಧಿಕವಾಗಿರುತ್ತದೆ. ಆಹಾರ ಕೊರತೆಯಿಂದ ಕೆಂಪು ಅಳಿಲಿನ ಮರಿಗಳ ಬೆಳವಣಿಗೆ ಕುಂಠಿತಗೊಂಡು, ಸಂತಾನ ಕ್ಷೀಣಿಸುತ್ತದೆ.

2. ಅಳಿಲು ಸಿಡುಬು: ಈ ರೋಗದ ವೈರಾಣುವನ್ನು ಹೊತ್ತ ಬೂದು ಅಳಿಲುಗಳು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತವೆ. ಕೆಂಪು ಅಳಿಲಿಗೆ ಸೋಂಕು ತಗುಲಿದರೆ ಕಣ್ಣು, ಬಾಯಿ ಮತ್ತು ಪಾದಗಳ ಸುತ್ತ ಹುಣ್ಣುಗಳಾಗಿ, ಬಹುತೇಕ ಎರಡು ವಾರಗಳೊಳಗೆ ಸಾವು ಸಂಭವಿಸುತ್ತದೆ. ರೋಗವಿರುವೆಡೆ ಕೆಂಪು ಅಳಿಲುಗಳು 17ರಿಂದ 25 ಪಟ್ಟು ವೇಗವಾಗಿ ಕಣ್ಮರೆಯಾಗುತ್ತವೆ ಎಂದು ಅಧ್ಯಯನಗಳು ತೋರಿಸಿವೆ. ಬಳಕೆಗೆ ಲಸಿಕೆ ಲಭ್ಯವಿಲ್ಲ.

ಇದಲ್ಲದೆ ಬೂದು ಅಳಿಲುಗಳು ಬೀಚ್, ಓಕ್ ಮುಂತಾದ ಎಳೆಯ ಮರಗಳ ತೊಗಟೆಯನ್ನು ಸುಲಿಯುವುದರಿಂದ ಅರಣ್ಯ ಬೆಳೆಗೂ ನಷ್ಟವುಂಟಾಗುತ್ತದೆ.

ಬಾಲಕ್ಕೆ ಬಹುಮಾನ: ವಿಫಲ ಯೋಜನೆ

1953ರಿಂದ 1958ರವರೆಗೆ ಬ್ರಿಟನ್ನಿನ ಸರ್ಕಾರವು ಬೂದು ಅಳಿಲಿನ ಪ್ರತಿ ಬಾಲಕ್ಕೂ ನಗದು ಬಹುಮಾನ ನೀಡಿತು. ಬಾಲಗಳು ಹೇರಳವಾಗಿ ಬಂದವು; ಆದರೆ ಬೂದು ಅಳಿಲುಗಳ ಹರಡುವಿಕೆ ನಿಲ್ಲಲಿಲ್ಲ. ಹಣಕ್ಕಾಗಿ ಬೇಟೆಯಾಡುವವರು ಅಳಿಲುಗಳು ವಿಪುಲವಾಗಿರುವೆಡೆ ಹೋಗುತ್ತಾರೆಯೇ ಹೊರತು ಕೆಂಪು ಅಳಿಲಿಗೆ ಅಪಾಯವಿರುವೆಡೆಗಲ್ಲ. ತೆರವಾದ ಜಾಗವನ್ನು ನೆರೆಯ ಕಾಡಿನ ಅಳಿಲುಗಳು ಬೇಗನೆ ತುಂಬುತ್ತವೆ. ಎಷ್ಟು ಕೊಲ್ಲಲಾಯಿತು ಎಂಬುದಕ್ಕಿಂತ ಎಷ್ಟು ಉಳಿದವು ಎಂಬುದೇ ನಿಯಂತ್ರಣದ ಅಳತೆಗೋಲೆಂಬುದು ಇದರಿಂದ ಸ್ಪಷ್ಟವಾಯಿತು.

ಪ್ರಸ್ತುತ ನಿಯಂತ್ರಣ ಕ್ರಮಗಳು

* ಬೋನು: ಜೀವಂತವಾಗಿ ಹಿಡಿಯುವ ಬೋನುಗಳನ್ನಿಟ್ಟು, ದಿನಕ್ಕೊಮ್ಮೆಯಾದರೂ ಪರಿಶೀಲಿಸಲಾಗುತ್ತದೆ. ಸಿಕ್ಕಿಬಿದ್ದ ಕೆಂಪು ಅಳಿಲನ್ನು ಬಿಟ್ಟು, ಬೂದು ಅಳಿಲನ್ನು ಯಾತನೆಯಾಗದಂತೆ ಕೊಲ್ಲಲಾಗುತ್ತದೆ. ಹಿಡಿದ ಬೂದು ಅಳಿಲನ್ನು ಪರವಾನಗಿ ಇಲ್ಲದೆ ಮತ್ತೆ ಕಾಡಿಗೆ ಬಿಡುವಂತಿಲ್ಲ.
* ಗುಂಡು: ತರಬೇತಿ ಪಡೆದವರು ಮಾತ್ರ ಕೈಗೊಳ್ಳುತ್ತಾರೆ.
* ವಿಷಪ್ರಯೋಗ: ಹಿಂದೆ ಬಳಕೆಯಲ್ಲಿದ್ದ ವಾರ್ಫರಿನ್‌ಗೆ ಈಗ ಅನುಮತಿಯಿಲ್ಲ.
* ಸಂತಾನ ನಿಯಂತ್ರಣ: ಆಹಾರದಲ್ಲಿ ಬೆರೆಸಿ ನೀಡುವ ಗರ್ಭನಿರೋಧಕದ ಕುರಿತು ಸಂಶೋಧನೆ ನಡೆದಿದೆ. ಭಾರವಾದ ಬೂದು ಅಳಿಲಿಗೆ ಮಾತ್ರ ತೆರೆಯುವ ಬಾಗಿಲುಳ್ಳ ಆಹಾರ ಪೆಟ್ಟಿಗೆಗಳನ್ನು ರೂಪಿಸಲಾಗಿದೆ.
* ನೈಸರ್ಗಿಕ ಶತ್ರು: ಪೈನ್ ಮಾರ್ಟೆನ್ ಎಂಬ ಮರವೇರುವ ಮಾಂಸಾಹಾರಿಯು ಚೇತರಿಸಿಕೊಂಡ ಐರ್ಲೆಂಡಿನ ಮಧ್ಯಭಾಗದಲ್ಲಿ ಬೂದು ಅಳಿಲುಗಳು ಕುಸಿದು ಕೆಂಪು ಅಳಿಲುಗಳು ಮರಳಿದವು. ಇದೇ ಕುಲದ ನೀಲಗಿರಿ ಮಾರ್ಟೆನ್ ಪಶ್ಚಿಮ ಘಟ್ಟದಲ್ಲಿದೆ.
* ಆವಾಸ ನಿರ್ವಹಣೆ: ಉತ್ತರ ಇಂಗ್ಲೆಂಡಿನ ಕೀಲ್ಡರ್ ಅರಣ್ಯದ ಸಿಟ್ಕಾ ಸ್ಪ್ರೂಸ್ ಮರಗಳ ಚಿಕ್ಕ ಬೀಜಗಳು ಕೆಂಪು ಅಳಿಲಿಗೆ ಸಾಕಾಗುತ್ತವೆ, ಬೂದು ಅಳಿಲಿಗೆ ಅನುಕೂಲಕರವಲ್ಲ.

ಆಂಗ್ಲ್‌ಸಿ ದ್ವೀಪದ ಯಶಸ್ಸು

ವೇಲ್ಸ್‌ನ ಆಂಗ್ಲ್‌ಸಿ ದ್ವೀಪದಲ್ಲಿ 1998ರ ವೇಳೆಗೆ ಕೇವಲ ಸುಮಾರು 40 ಕೆಂಪು ಅಳಿಲುಗಳು ಉಳಿದಿದ್ದವು. ಆ ವರ್ಷ ಆರಂಭಿಸಿದ ಬೋನು ಕಾರ್ಯಾಚರಣೆಯನ್ನು, ಬೂದು ಅಳಿಲುಗಳು ವಿರಳವಾದ ನಂತರವೂ ನಿಲ್ಲಿಸದೆ ಒಂದೂವರೆ ದಶಕ ಮುಂದುವರಿಸಲಾಯಿತು. ಬೂದು ಅಳಿಲುಗಳ ಸಾಂದ್ರತೆ ಇಳಿದಂತೆ ಅವುಗಳಲ್ಲಿನ ಸಿಡುಬಿನ ಸೋಂಕೂ ಇಳಿಯಿತು. ಸಂರಕ್ಷಿತ ಕೇಂದ್ರಗಳಲ್ಲಿ ಬೆಳೆಸಿದ ಕೆಂಪು ಅಳಿಲುಗಳನ್ನು ಕಾಡಿಗೆ ಬಿಡಲಾಯಿತು. ಇಂದು ಅಲ್ಲಿ ನೂರಾರು ಕೆಂಪು ಅಳಿಲುಗಳಿದ್ದು, ಕೆಲವು ಮೆನೈ ಜಲಸಂಧಿಯಾಚೆಯ ಮುಖ್ಯಭೂಮಿಯಲ್ಲೂ ನೆಲೆಸಿವೆ. ಆದರೆ ಸೇತುವೆಗಳ ಮೂಲಕ ಬೂದು ಅಳಿಲು ಮರಳಿ ಬರಬಹುದಾದ್ದರಿಂದ ಕಣ್ಗಾವಲು ಅನಿವಾರ್ಯವಾಗಿದೆ.

ವಿಳಂಬದ ಪರಿಣಾಮ

1997ರಲ್ಲಿ ಇಟಲಿಯ ಪೀಡ್‌ಮಾಂಟ್ ಪ್ರಾಂತ್ಯದಲ್ಲಿ ಬೂದು ಅಳಿಲುಗಳ ನಿರ್ಮೂಲನೆಗಾಗಿ ಪ್ರಾಯೋಗಿಕ ಕಾರ್ಯಾಚರಣೆ ಆರಂಭವಾಯಿತು. ಪ್ರಾಣಿದಯಾ ಸಂಘಟನೆಗಳು ನ್ಯಾಯಾಲಯದ ಮೊರೆಹೋದ ಕಾರಣ ಅದು ಸ್ಥಗಿತಗೊಂಡಿತು. 2000ದಲ್ಲಿ ಅಧಿಕಾರಿಗಳು ದೋಷಮುಕ್ತರಾಗುವ ವೇಳೆಗೆ ಅಳಿಲುಗಳು ಮತ್ತಷ್ಟು ಹರಡಿದ್ದವು. ಒಂದು ಪ್ರಾಣಿಯನ್ನು ಉಳಿಸಲು ಮತ್ತೊಂದನ್ನು ಕೊಲ್ಲಬೇಕೇ ಎಂಬ ಪ್ರಶ್ನೆ ಉಪೇಕ್ಷಿಸತಕ್ಕದ್ದಲ್ಲ; ಬೂದು ಅಳಿಲಿನದು ಯಾವ ತಪ್ಪೂ ಇಲ್ಲ, ಅದನ್ನು ತಂದವನು ಮನುಷ್ಯ. ಆದರೆ ನಿರ್ಧಾರ ತಡವಾದಷ್ಟೂ ಮುಂದೆ ಕೊಲ್ಲಬೇಕಾದ ಪ್ರಾಣಿಗಳ ಸಂಖ್ಯೆ ಹೆಚ್ಚುತ್ತದೆ.

ಕರ್ನಾಟಕಕ್ಕೆ ಪ್ರಸ್ತುತತೆ

ಬಂಡೀಪುರ, ನಾಗರಹೊಳೆ ಅರಣ್ಯಗಳಲ್ಲಿ ಹರಡಿರುವ ಲಂಟಾನ ಮತ್ತು ಸೆನ್ನಾ ಸ್ಪೆಕ್ಟಾಬಿಲಿಸ್ ಕೂಡ ಅಲಂಕಾರಿಕ ಸಸ್ಯಗಳಾಗಿಯೇ ಭಾರತಕ್ಕೆ ಬಂದವು. ಸೆನ್ನಾ ಮರವನ್ನು ಬರಿದೇ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ತೆರವುಗೊಳಿಸಿದ ಜಾಗವನ್ನು ವರ್ಷಾನುವರ್ಷ ನೋಡಿಕೊಳ್ಳದಿದ್ದಲ್ಲಿ ಶ್ರಮ ವ್ಯರ್ಥವಾಗುತ್ತದೆ. ವಿದೇಶಿ ಸಾಕುಪ್ರಾಣಿಗಳನ್ನು ಅಥವಾ ಅಲಂಕಾರಿಕ ಮೀನುಗಳನ್ನು ಸಾಕಲಾಗದಿದ್ದಾಗ ಕಾಡಿಗೆ, ಕೆರೆಗೆ ಬಿಡಬಾರದು. ಹೆನ್ಬರಿ ಪಾರ್ಕ್‌ನಲ್ಲಿ ಬಿಟ್ಟದ್ದೂ ಕೆಲವೇ ಅಳಿಲುಗಳನ್ನು.