ಸವಿತಾ ಹಾಲಪ್ಪನವರ ಪ್ರಕರಣ ಮತ್ತು ಗರ್ಭಪಾತ ಕಾನೂನಿನ ಚರ್ಚೆ

ಬಾಗಲಕೋಟೆಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ (1981–2012) ಐರ್ಲೆಂಡಿನ ಗಾಲ್ವೇ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ 2012ರ ಅಕ್ಟೋಬರ್ 28ರಂದು ತೀರಿಕೊಂಡರು. ಉಳಿಯುವ ಸಾಧ್ಯತೆಯೇ ಇರದ ಗರ್ಭವನ್ನು ತೆಗೆಯಿರಿ ಎಂದು ಅವರು ಕೇಳಿಕೊಂಡಿದ್ದರು, ಆಸ್ಪತ್ರೆ ಒಪ್ಪಿರಲಿಲ್ಲ. ಆ ಸಾವಿನಿಂದ ಎದ್ದ ಚರ್ಚೆ ಆರು ವರ್ಷಗಳಲ್ಲಿ ಐರ್ಲೆಂಡಿನ ಸಂವಿಧಾನವನ್ನೇ ತಿದ್ದಿಸಿತು. ಹಾವೇರಿ, ಧಾರವಾಡ, ಬೆಳಗಾವಿ ಸೀಮೆಯ ಮನೆಮನೆಗೆ ಪರಿಚಿತವಾದಂಥ ಒಂದು ಅಡ್ಡಹೆಸರು ಯುರೋಪಿನ ಕಾನೂನು ಚರಿತ್ರೆಯಲ್ಲಿ ಸೇರಿಹೋಯಿತು. ಗರ್ಭಪಾತದ ಕಾನೂನುಗಳನ್ನು ಉದಾರ, ಕಠಿಣ ಎಂದು ಎರಡು ಸಾಲಿನಲ್ಲಿ ನಿಲ್ಲಿಸಿ ನೋಡುವುದು ವಾಡಿಕೆ. ಸವಿತಾ ಅವರ ಪ್ರಕರಣ ಇನ್ನೊಂದು ಅಳತೆಯನ್ನು ಮುಂದಿಡುತ್ತದೆ: ಕಾನೂನು ಹೆಂಗಸನ್ನು ಎಷ್ಟು ಹೊತ್ತು ಕಾಯಿಸುತ್ತದೆ, ಆ ಹೊತ್ತಿನಲ್ಲಿ ಆಕೆಯ ಮೈಯಲ್ಲಿ ಏನು ನಡೆಯುತ್ತದೆ. ಈ ಅಳತೆ ಹಿಡಿದರೆ ಭಾರತದ ಕಾನೂನೂ, ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನಂಥ ಊರಿನ ಹೆಂಗಸಿನ ಪಾಡೂ ಅದೇ ಚರ್ಚೆಯೊಳಗೆ ಬರುತ್ತವೆ.

ಆ ವಾರ ನಡೆದದ್ದನ್ನು ದಿನದಿನವಾಗಿ ನೋಡಬೇಕು, ಏಕೆಂದರೆ ವಾದವೆಲ್ಲ ಅಲ್ಲೇ ಇದೆ. ಅಕ್ಟೋಬರ್ 21, ಭಾನುವಾರ. 17 ವಾರದ ಗರ್ಭಿಣಿ ಸವಿತಾ ಬೆನ್ನುನೋವೆಂದು ಆಸ್ಪತ್ರೆಗೆ ಹೋದರು. ಮೊದಲು ಮನೆಗೆ ಕಳುಹಿಸಿದರು. ಅದೇ ದಿನ ಮತ್ತೆ ಬಂದಾಗ ಒಳಗೆ ಸೇರಿಸಿಕೊಂಡರು. ಗರ್ಭ ನಿಲ್ಲುವುದಿಲ್ಲ ಎಂದು ವೈದ್ಯರಿಗೆ ಆಗಲೇ ತಿಳಿದಿತ್ತು. ಆ ರಾತ್ರಿ ನೀರುಚೀಲ ಒಡೆಯಿತು. ನೀರು ಹೋಗಿ ಗರ್ಭಕೋಶದ ಬಾಯಿ ತೆರೆದುಕೊಂಡ ಮೇಲೆ ಸೋಂಕು ಒಳಗೇರಲು ತಡೆಯೇ ಇರುವುದಿಲ್ಲ, ಒಂದೊಂದು ತಾಸೂ ಅಪಾಯವನ್ನು ಹೆಚ್ಚಿಸುತ್ತದೆ. ಮಂಗಳವಾರ ದಂಪತಿ ಗರ್ಭ ತೆಗೆಯುವಂತೆ ಕೇಳಿದರು. ಭ್ರೂಣದ ಎದೆಬಡಿತ ಇನ್ನೂ ಕೇಳಿಸುತ್ತಿದೆ, ಆದ್ದರಿಂದ ಕಾನೂನಿನಲ್ಲಿ ಅವಕಾಶವಿಲ್ಲ ಎಂಬ ಉತ್ತರ ಬಂತು. ಇದು ಕ್ಯಾಥೊಲಿಕ್ ದೇಶ ಎಂಬ ಮಾತನ್ನು ತಾನು ಆಡಿದ್ದು ನಿಜವೆಂದು ಶುಶ್ರೂಷಕಿಯೊಬ್ಬರು ಮುಂದೆ ಮರಣ ವಿಚಾರಣೆಯಲ್ಲಿ ಒಪ್ಪಿಕೊಂಡರು. ಬುಧವಾರ ನಸುಕಿನಲ್ಲಿ ಸವಿತಾ ಚಳಿಯಿಂದ ಹಲ್ಲು ಕಟಕಟಿಸುವಂತೆ ನಡುಗುತ್ತಿದ್ದರು, ಹೊದಿಕೆ ಮತ್ತು ಪ್ಯಾರಸಿಟಮಾಲ್ ಕೊಟ್ಟರು. ಬೆಳಗಾಗುವಷ್ಟರಲ್ಲಿ ಜ್ವರ ಏರಿ ನಾಡಿ ಓಡುತ್ತಿತ್ತು. ಸೋಂಕು ರಕ್ತಕ್ಕೆ ಇಳಿದಿತ್ತು. ಭ್ರೂಣದ ಎದೆಬಡಿತ ನಿಂತದ್ದು ಆ ದಿನ, ಗರ್ಭ ಹೊರಬಿದ್ದದ್ದೂ ಆ ದಿನವೇ. ನಾಲ್ಕು ದಿನಗಳ ನಂತರ 31ರ ಹರೆಯದಲ್ಲಿ ಆಕೆಯ ಜೀವ ಹೋಯಿತು.

2013ರ ಏಪ್ರಿಲ್‌ನಲ್ಲಿ ನಡೆದ ವಿಚಾರಣೆಯ ತೀರ್ಪುಗಾರರು ಇದನ್ನು ವೈದ್ಯಕೀಯ ಅವಘಡವೆಂದರು. ಹಳೆಯ ಕಾನೂನನ್ನು ಉಳಿಸಿಕೊಳ್ಳಬೇಕೆಂದವರು ಇದನ್ನೇ ಹಿಡಿದು, ಆಕೆಯನ್ನು ಕೊಂದದ್ದು ಸೋಂಕು ಮತ್ತು ನಿರ್ಲಕ್ಷ್ಯ, ಕಾನೂನಿನ ಮೇಲೆ ತಪ್ಪು ಹೊರಿಸಬೇಡಿ ಎಂದು ವಾದಿಸಿದರು. ಈ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ನಿರ್ಲಕ್ಷ್ಯ ಇದ್ದದ್ದು ನಿಜ: ಭಾನುವಾರ ತೆಗೆದ ರಕ್ತದ ವರದಿಯನ್ನು ಹೊತ್ತಿಗೆ ಸರಿಯಾಗಿ ಗಮನಿಸಿರಲಿಲ್ಲ, ನಾಡಿ, ಜ್ವರಗಳನ್ನು ನೋಡಬೇಕಾದಷ್ಟು ಸಲ ನೋಡಿರಲಿಲ್ಲ. ಐರ್ಲೆಂಡಿನ ಆರೋಗ್ಯ ಗುಣಮಟ್ಟ ಪ್ರಾಧಿಕಾರ ಕೈತಪ್ಪಿದ 13 ಅವಕಾಶಗಳನ್ನು ಪಟ್ಟಿ ಮಾಡಿತು. ಆದರೆ ನಿಗಾ ಯಾಕೆ ಸಡಿಲವಾಯಿತು ಎಂಬ ಪ್ರಶ್ನೆ ಉಳಿಯುತ್ತದೆ. ಶ್ರೀಲಂಕಾ ಮೂಲದ ಪ್ರಸೂತಿತಜ್ಞ ಪ್ರೊ. ಸಬಾರತ್ನಂ ಅರುಳ್‌ಕುಮಾರನ್ ಅವರ ಅಧ್ಯಕ್ಷತೆಯ ಸಮಿತಿ 2013ರ ಜೂನ್‌ನಲ್ಲಿ ಕೊಟ್ಟ ವರದಿ ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿತು: ಎದೆಬಡಿತ ನಿಲ್ಲುವವರೆಗೆ ಕೈಹಾಕಬಾರದು ಎಂಬುದಕ್ಕೆ ಅತಿಯಾದ ಒತ್ತು, ತಾಯಿಗೆ ಸೋಂಕು ತಗಲುವ ಅಪಾಯದ ಮೇಲೆ ತೀರ ಕಡಿಮೆ ಒತ್ತು. ಡಬ್ಲಿನ್‌ನ ಹಿರಿಯ ಪ್ರಸೂತಿತಜ್ಞ ಪೀಟರ್ ಬಾಯ್ಲನ್ ವಿಚಾರಣೆಯಲ್ಲಿ ನುಡಿದ ಸಾಕ್ಷ್ಯ ಇನ್ನೂ ನೇರವಾದದ್ದು. ಸೋಮವಾರವೋ ಮಂಗಳವಾರವೋ ಗರ್ಭ ತೆಗೆದಿದ್ದರೆ ಆಕೆ ಬಹುಮಟ್ಟಿಗೆ ಬದುಕುತ್ತಿದ್ದರು. ಆದರೆ ಆ ದಿನಗಳಲ್ಲಿ ಜೀವಕ್ಕೆ ಗಂಡಾಂತರ ಕಾಣಿಸದ್ದರಿಂದ ಕಾನೂನು ಅದಕ್ಕೆ ಬಿಡುತ್ತಿರಲಿಲ್ಲ. ಕಾನೂನು ಬಿಡುವಷ್ಟು ಗಂಡಾಂತರ ಬುಧವಾರ ಕಾಣಿಸಿದಾಗ ಹೊತ್ತು ಮೀರಿತ್ತು. ತಾಯಿಯ ಆರೋಗ್ಯವನ್ನು ಬಿಟ್ಟು ಜೀವವನ್ನಷ್ಟೇ ಕಾಯುತ್ತೇನೆ ಎನ್ನುವ ಕಾನೂನು ಹೀಗೆ ಆ ಜೀವವನ್ನೂ ಕಾಯಲಾರದೆ ಹೋಗುತ್ತದೆ. ಬದುಕಿನ ಅಪಾಯವೂ ಆರೋಗ್ಯದ ಅಪಾಯವೂ ಕಾನೂನು ಪುಸ್ತಕದಲ್ಲಿ ಬೇರೆಬೇರೆ. ರೋಗಿಯ ಮೈಯಲ್ಲಿ ಒಂದು ಮತ್ತೊಂದಾಗುವುದಕ್ಕೆ ಕೆಲವು ತಾಸು ಸಾಕು.

ಐರ್ಲೆಂಡಿನ ಈ ಬಿಗಿಗೆ ಎರಡು ಪದರ. ಕೆಳಗಿನದು ಬ್ರಿಟಿಷ್ ಆಳ್ವಿಕೆಯ 1861ರ ಕಾಯಿದೆ, ಗರ್ಭಪಾತಕ್ಕೆ ಜೀವಾವಧಿ ಶಿಕ್ಷೆ ವಿಧಿಸಿದ್ದು. ಮೇಲಿನದು 1983ರ ಸೆಪ್ಟೆಂಬರ್ 7ರ ಜನಮತದಲ್ಲಿ ಶೇ. 66.9 ಮತಗಳಿಂದ ಗೆದ್ದ ಸಂವಿಧಾನದ ಎಂಟನೇ ತಿದ್ದುಪಡಿ. ಅದು ತಾಯಿಯ ಬದುಕಿನ ಹಕ್ಕಿಗೂ ಹುಟ್ಟದ ಕೂಸಿನ ಬದುಕಿನ ಹಕ್ಕಿಗೂ ಸಮಾನ ತೂಕ ಕೊಟ್ಟಿತು. ಮುಂದಿನ ದಶಕಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಐರಿಷ್ ಹೆಂಗಸರು ಗರ್ಭ ತೆಗೆಸಲು ಸಮುದ್ರ ದಾಟಿ ಬ್ರಿಟನ್ನಿಗೆ ಹೋಗಿ ಬಂದರು. ಹೋಗಲಾಗದವರಿಗಷ್ಟೇ ಆ ಕಾನೂನು ಪೂರ್ತಿಯಾಗಿ ಅನ್ವಯಿಸಿತು. ಹುಟ್ಟದ ಕೂಸಿಗೂ ಒಂದು ಜೀವವಿದೆ, ಅದರ ಪರ ಮಾತಾಡುವವರು ಬೇಡವೇ ಎಂಬ ಆಕ್ಷೇಪ ಪ್ರಾಮಾಣಿಕವಾದದ್ದು, ಕೋಟ್ಯಂತರ ಜನರ ನಂಬಿಕೆ ಅದರ ಹಿಂದಿದೆ. ಅಂಥವರೂ ಗಾಲ್ವೇಯ ಲೆಕ್ಕವನ್ನು ನೋಡಬೇಕಾಗುತ್ತದೆ. 17 ವಾರಕ್ಕೆ ಹೊರಬೀಳುವ ಭ್ರೂಣ ಯಾವ ಆಸ್ಪತ್ರೆಯಲ್ಲೂ ಬದುಕದು. ಎರಡು ಜೀವಗಳಿಗೆ ಸಮಾನ ತೂಕವೆಂದ ಕಾನೂನು ಒಂದನ್ನು ಉಳಿಸುವ ದಾರಿಯನ್ನು ಮುಚ್ಚಿ ಎರಡನ್ನೂ ಕಳೆಯಿತು. 2013ರಲ್ಲಿ ತಂದ ಅರೆಬರೆ ಕಾಯಿದೆ ಜೀವಾಪಾಯದ ಷರತ್ತನ್ನು ಬಿಡಲಿಲ್ಲ, 14 ವರ್ಷದ ಜೈಲಿನ ಬೆದರಿಕೆಯನ್ನೂ ಇಟ್ಟುಕೊಂಡಿತು. ಕೊನೆಗೆ 2018ರ ಮೇ 25ರಂದು ಶೇ. 66.4 ಮತದಾರರು ಎಂಟನೇ ತಿದ್ದುಪಡಿಯನ್ನು ಕಿತ್ತುಹಾಕಿದರು. ಅದಕ್ಕೆ ಮುಂಚೆ ಸವಿತಾ ಅವರ ತಂದೆ ಬೆಳಗಾವಿಯಿಂದಲೇ ಐರಿಷ್ ಮತದಾರರಿಗೆ ಮನವಿ ಮಾಡಿದ್ದರು. ಮತದಾನದ ಹೊತ್ತಿಗೆ ಡಬ್ಲಿನ್‌ನ ಗೋಡೆಯೊಂದರ ಮೇಲೆ ಬಿಡಿಸಿದ್ದ ಆಕೆಯ ಚಿತ್ರದ ಸುತ್ತ ಜನ ಕ್ಷಮೆ ಕೇಳುವ ಚೀಟಿಗಳನ್ನು ಅಂಟಿಸಿದ್ದರು.

ಇದು ಒಂದು ದೇಶಕ್ಕೆ ಸೀಮಿತವಾದ ಕಥೆಯಲ್ಲ. ರೊಮೇನಿಯಾ 1966ರಲ್ಲಿ ಗರ್ಭಪಾತವನ್ನು ಹೆಚ್ಚುಕಡಿಮೆ ನಿಷೇಧಿಸಿತು, 1989ರ ಕೊನೆಯಲ್ಲಿ ಆ ಆಜ್ಞೆ ರದ್ದಾಯಿತು. ಮರುವರ್ಷವೇ ತಾಯಂದಿರ ಸಾವಿನ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಪೋಲೆಂಡಿನ ಸಂವಿಧಾನ ನ್ಯಾಯಮಂಡಳಿ 2020ರ ಅಕ್ಟೋಬರ್‌ನಲ್ಲಿ ಕಾನೂನನ್ನು ಬಿಗಿಮಾಡಿದ ಮರುವರ್ಷ, 22 ವಾರದ ಗರ್ಭಿಣಿಯೊಬ್ಬಳು ಗಾಲ್ವೇಯನ್ನೇ ನೆನಪಿಸುವಂತೆ ಸೋಂಕಿನಿಂದ ತೀರಿಕೊಂಡಳು. ಅಮೆರಿಕದ ಸುಪ್ರೀಂ ಕೋರ್ಟ್ 2022ರ ಜೂನ್ 24ರಂದು ಅರ್ಧ ಶತಮಾನದ ಹಕ್ಕನ್ನು ತೆಗೆದುಹಾಕಿತು. ಫ್ರಾನ್ಸ್ 2024ರ ಮಾರ್ಚ್‌ನಲ್ಲಿ ಅದೇ ಹಕ್ಕನ್ನು ಸಂವಿಧಾನದಲ್ಲಿ ಬರೆಯಿತು.

ಭಾರತದ ಕಾನೂನು ಹುಟ್ಟಿದ್ದು ಐರ್ಲೆಂಡಿನದು ಹುಟ್ಟಿದ ಕಾಲದಲ್ಲೇ, ಅದೇ ಸಾಮ್ರಾಜ್ಯದಲ್ಲಿ. 1860ರ ದಂಡಸಂಹಿತೆಯ 312ನೇ ಕಲಮು ಗರ್ಭಪಾತವನ್ನು ಅಪರಾಧವೆಂದಿತು. ತನ್ನ ಗರ್ಭವನ್ನು ತಾನೇ ತೆಗೆದುಕೊಂಡ ಹೆಂಗಸೂ ಅದರ ಪ್ರಕಾರ ಅಪರಾಧಿ. ಕದ್ದುಮುಚ್ಚಿ ಗರ್ಭ ತೆಗೆಸಿಕೊಂಡು ಸಾಯುತ್ತಿದ್ದವರ ಸಂಖ್ಯೆಯನ್ನು ಕಂಡು ಶಾಂತಿಲಾಲ್ ಶಾ ಸಮಿತಿ 1966ರಲ್ಲಿ ಕಾನೂನು ಸಡಿಲಿಸಲು ಹೇಳಿತು. 1971ರ ವೈದ್ಯಕೀಯ ಗರ್ಭಪಾತ ಕಾಯಿದೆ, ಅಂದರೆ ಎಂಟಿಪಿ ಕಾಯಿದೆ, 1972ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಗರ್ಭಿಣಿಯ ದೈಹಿಕ ಅಥವಾ ಮಾನಸಿಕ ಆರೋಗ್ಯಕ್ಕೆ ಗಂಭೀರ ಧಕ್ಕೆಯಾಗುವಂತಿದ್ದರೆ ಸಾಕು ಎಂದು ಅದು ಆಗಲೇ ಒಪ್ಪಿತ್ತು. ಸವಿತಾ ತಮ್ಮ ಊರಿನಲ್ಲೇ ಇದ್ದಿದ್ದರೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಸೋಮವಾರವೇ ಅವರಿಗೆ ಕಾನೂನುಬದ್ಧ ಚಿಕಿತ್ಸೆ ಸಿಗಬಹುದಿತ್ತು. ಇದು ಹೆಮ್ಮೆಪಡಬೇಕಾದ ಸಂಗತಿಯೇ. ಆದರೆ ಆ ಹೆಮ್ಮೆಯಲ್ಲಿ ಒಂದು ವಿಷಯ ಮರೆಯಾಗುತ್ತದೆ. ಎಂಟಿಪಿ ಕಾಯಿದೆ ದಂಡಸಂಹಿತೆಯನ್ನು ಅಳಿಸಲಿಲ್ಲ, ಷರತ್ತು ಪಾಲಿಸಿದ ವೈದ್ಯರಿಗೆ ಅದರಿಂದ ರಕ್ಷಣೆ ಕೊಟ್ಟಿತು ಅಷ್ಟೆ. ಹೆಂಗಸು ಒಪ್ಪಿಗೆ ಕೊಡಬಹುದು, ತೀರ್ಮಾನ ವೈದ್ಯರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಮಿನಲ್ಲಿಯೂ ಆ ಹಳೆಯ ಅಪರಾಧ, ಅದರ ಮೂರು ಮತ್ತು ಏಳು ವರ್ಷದ ಶಿಕ್ಷೆ ಹಾಗೇ ಉಳಿದಿವೆ.

ಗಡುವುಗಳು ಮಾತ್ರ ಬದಲಾದವು. 2021ರ ತಿದ್ದುಪಡಿಯ ಪ್ರಕಾರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತರು ಮುಂತಾದ ಕೆಲವು ವರ್ಗದವರಿಗೆ ಇಬ್ಬರ ಅಭಿಪ್ರಾಯ ಬೇಕು. 24 ದಾಟಿದ ಮೇಲೆ ಭ್ರೂಣದಲ್ಲಿ ತೀವ್ರ ದೋಷವಿದ್ದರೆ ವೈದ್ಯಕೀಯ ಮಂಡಳಿ ನಿರ್ಧರಿಸಬೇಕು. ಮಂಡಳಿ ಮೂರು ದಿನದಲ್ಲಿ ಉತ್ತರ ಹೇಳಬೇಕೆಂದು ನಿಯಮವಿದೆ. ಕಾಗದದ ಮೇಲೆ ಇದು ತೀರ ಕಡಿಮೆ ಕಾಯುವಿಕೆ. ಚಿಕ್ಕೇರೂರಿನಂಥ ಹಳ್ಳಿಯಿಂದ ಹೊರಡುವವಳ ಲೆಕ್ಕ ಬೇರೆ. ಭ್ರೂಣದ ಅಂಗದೋಷ ಗೊತ್ತಾಗುವುದು 18ರಿಂದ 20ನೇ ವಾರದ ಅನಾಮಲಿ ಸ್ಕ್ಯಾನ್‌ನಲ್ಲಿ. ಅದಕ್ಕೆ ಹಿರೇಕೆರೂರಿಗೋ ಹಾವೇರಿಗೋ ಹೋಗಬೇಕು. ಅಲ್ಲಿ ಸಂಶಯ ಬಂದರೆ ದಾವಣಗೆರೆ, ಹುಬ್ಬಳ್ಳಿಗೆ ಚೀಟಿ ಬರೆದುಕೊಡುತ್ತಾರೆ. ಒಂದು ದಿನದ ಕೂಲಿ, ಜೊತೆಗೆ ಬರುವ ಗಂಡಾಳಿನ ಕೂಲಿ, ಬಸ್ ಚಾರ್ಜು, ಅತ್ತೆಮನೆಯ ಒಪ್ಪಿಗೆ ಇವೆಲ್ಲ ಕೂಡಿಬರುವಷ್ಟರಲ್ಲಿ ವಾರಗಳು ಉರುಳಿರುತ್ತವೆ. ಕಾನೂನಿನ ಗಡಿಯಾರ ಊರಿಂದ ಊರಿಗೆ ಹೋಗುವ ಹೊತ್ತನ್ನೂ ಎಣಿಸುತ್ತಲೇ ಇರುತ್ತದೆ. ದೇಶದಲ್ಲಿ 2015ರಲ್ಲಿ ಸುಮಾರು 1.56 ಕೋಟಿ ಗರ್ಭಪಾತಗಳು ನಡೆದವೆಂದೂ, ಅವುಗಳಲ್ಲಿ ನಾಲ್ಕರಲ್ಲಿ ಮೂರರಷ್ಟು ಆಸ್ಪತ್ರೆಯ ಹೊರಗೆ ಗುಳಿಗೆ ನುಂಗಿ ಆದವೆಂದೂ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜಿಸಿದೆ. ಮೈಫೆಪ್ರಿಸ್ಟೋನ್ ಒಂದು, ಮೈಸೊಪ್ರೊಸ್ಟಾಲ್ ನಾಲ್ಕು ಇರುವ ಆ ಕಿಟ್ ಒಂಬತ್ತು ವಾರದೊಳಗೆ, ಸರಿಯಾದ ಸಲಹೆಯೊಂದಿಗೆ ತೆಗೆದುಕೊಂಡರೆ ಸುರಕ್ಷಿತ. ಔಷಧ ಅಂಗಡಿಯಿಂದ ಗುಟ್ಟಾಗಿ ತಂದು ನುಂಗಿದವಳಿಗೆ ಎಷ್ಟು ರಕ್ತ ಹೋದರೆ ಆಸ್ಪತ್ರೆಗೆ ಓಡಬೇಕೆಂದು ಹೇಳುವವರು ಯಾರೂ ಇರುವುದಿಲ್ಲ. ಓಡಿಹೋದರೆ ಬೈಗುಳವೋ ಪೊಲೀಸರೋ ಎಂಬ ಅಂಜಿಕೆ ಬೇರೆ. ಅರ್ಧ ಶತಮಾನದಿಂದ ಕಾನೂನುಬದ್ಧವಾಗಿರುವ ಚಿಕಿತ್ಸೆಗೆ ಇಷ್ಟು ಜನ ಹಿತ್ತಲ ಬಾಗಿಲಿನಿಂದ ಹೋಗುತ್ತಿದ್ದಾರೆ ಎಂದರೆ ಮುಂಬಾಗಿಲಲ್ಲಿ ಅಡ್ಡಿ ಇದೆ.

ನ್ಯಾಯಾಲಯಗಳು ಈ ಅಡ್ಡಿಯನ್ನು ಸ್ವಲ್ಪ ಸರಿಸಿವೆ. 2022ರ ಸೆಪ್ಟೆಂಬರ್ 29ರಂದು ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್, ಎ.ಎಸ್. ಬೋಪಣ್ಣ, ಜೆ.ಬಿ. ಪಾರ್ದಿವಾಲಾ ಅವರ ಪೀಠ, ಮದುವೆಯಾಗದವರಿಗೂ 24 ವಾರದ ಅವಕಾಶವಿದೆ ಎಂದಿತು. ಗಂಡ ನಡೆಸಿದ ಬಲಾತ್ಕಾರವನ್ನೂ ಈ ಕಾಯಿದೆಯ ಮಟ್ಟಿಗೆ ಅತ್ಯಾಚಾರವೆಂದೇ ಎಣಿಸಬೇಕೆಂದು ಅದು ಹೇಳಿದ್ದು ಇನ್ನೂ ದೊಡ್ಡ ಮಾತು. ಮರುವರ್ಷ ಬಂದ ಪ್ರಕರಣ ಮಿತಿಯನ್ನು ತೋರಿಸಿತು. ಎರಡು ಮಕ್ಕಳ ತಾಯಿಯೊಬ್ಬಳು, ಹೆರಿಗೆಯ ನಂತರದ ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದವಳು, 26ನೇ ವಾರದಲ್ಲಿ ಸುಪ್ರೀಂ ಕೋರ್ಟಿಗೆ ಹೋದಳು. ಎರಡನೆಯ ಕೂಸಿಗೆ ಹಾಲೂಡಿಸುತ್ತಿದ್ದಾಗ ಮುಟ್ಟು ನಿಂತೇ ಇದ್ದುದರಿಂದ ಬಸಿರಾದದ್ದು ಆಕೆಗೆ ತಿಳಿದಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಇದು ಅಪರೂಪವೇನಲ್ಲ. ಇಬ್ಬರು ಮಹಿಳಾ ನ್ಯಾಯಮೂರ್ತಿಗಳ ಪೀಠ ಮೊದಲು ಒಪ್ಪಿತು. ಭ್ರೂಣ ಬದುಕಬಲ್ಲದು ಎಂಬ ವೈದ್ಯರ ಮಾತು ಬಂದ ಮೇಲೆ ಪೀಠ ಒಡೆಯಿತು, ಕರ್ನಾಟಕದ ಬಿ.ವಿ. ನಾಗರತ್ನ ಅವರು ತಾಯಿಯ ತೀರ್ಮಾನದ ಪರ ಉಳಿದರು, ಹಿಮಾ ಕೊಹ್ಲಿ ಅವರು ಒಪ್ಪಲಿಲ್ಲ. 2023ರ ಅಕ್ಟೋಬರ್ 16ರಂದು ಮೂವರ ಪೀಠ ಅರ್ಜಿಯನ್ನು ತಿರಸ್ಕರಿಸಿತು. ಹೊರಬಂದರೆ ಬದುಕಬಲ್ಲ ಭ್ರೂಣದ ಪ್ರಶ್ನೆ ಸವಿತಾ ಅವರ ಪ್ರಕರಣದಷ್ಟು ಸರಳವಲ್ಲ, ಅಲ್ಲಿ ಕೋರ್ಟು ತಡೆದು ನಿಂತದ್ದನ್ನು ಕ್ರೌರ್ಯವೆನ್ನಲಾಗದು. ಆದರೆ ಅಂಥ ಕಠಿಣ ಪ್ರಶ್ನೆ ಏಳುವುದೇ ತಡವಾದಾಗ. ಮೊದಲ ವಾರಗಳಲ್ಲಿ ದಾರಿ ಸಲೀಸಾಗಿದ್ದಷ್ಟೂ ಕೋರ್ಟಿನ ಮುಂದೆ ಬರುವ ತಾಯಂದಿರು ಕಡಿಮೆಯಾಗುತ್ತಾರೆ.

ನಮ್ಮಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಹೆಣ್ಣುಭ್ರೂಣ ಹತ್ಯೆಯದು. 2022ರ ಜೂನ್‌ನಲ್ಲಿ ಬೆಳಗಾವಿ ಜಿಲ್ಲೆಯ ಮೂಡಲಗಿಯಲ್ಲಿ ಬಾಟಲಿಗಳಲ್ಲಿ ತುಂಬಿದ ಏಳು ಭ್ರೂಣಗಳು ಹಳ್ಳದ ಬಳಿ ಸಿಕ್ಕವು. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನ್ ಮಾಡಿ ಹೆಣ್ಣೆಂದರೆ ತೆಗೆಸುತ್ತಿದ್ದ ಜಾಲ ಬಯಲಾಯಿತು. ಇಂಥ ನಾಡಿನಲ್ಲಿ ಕಾನೂನು ಸಡಿಲಿಸುವುದು ಹೇಗೆ ಎಂದು ಕೇಳುವವರ ಆತಂಕ ನಿಜವಾದದ್ದು. ಆದರೆ ಆಲೆಮನೆಯಲ್ಲಿ ನಡೆದ ಅಪರಾಧ ಶುರುವಾದದ್ದು ಲಿಂಗ ಹೇಳಿದ ಸ್ಕ್ಯಾನಿಂಗ್ ಯಂತ್ರದಿಂದ. ಅದನ್ನು ತಡೆಯಲೆಂದೇ 1994ರ ಪಿಸಿಪಿಎನ್‌ಡಿಟಿ ಕಾಯಿದೆ ಇದೆ, ಅದರ ಜಾರಿ ಸಡಿಲವಾಗಿರುವುದಕ್ಕೆ ಎಂಟಿಪಿ ಕಾಯಿದೆಯನ್ನು ಬಿಗಿಮಾಡುವುದು ಉತ್ತರವಲ್ಲ. ಸ್ಕ್ಯಾನ್‌ನಲ್ಲಿ ಲಿಂಗ ತಿಳಿಯುವುದು ಸಾಮಾನ್ಯವಾಗಿ ಮೂರು ತಿಂಗಳು ಕಳೆದ ಮೇಲೆ. ಹನ್ನೆರಡು ವಾರದೊಳಗಿನ ಗರ್ಭಪಾತವನ್ನು ಸಲೀಸು ಮಾಡಿದರೆ ಈ ವ್ಯಾಪಾರಕ್ಕೆ ಹೆಚ್ಚಿನ ಲಾಭವಾಗದು. ಎರಡು ಕಾಯಿದೆಗಳನ್ನು ಕಲಸಿಕೊಂಡ ಅಧಿಕಾರಿಗಳ ತಪಾಸಣೆಗೆ ಅಂಜಿ ಒಳ್ಳೆಯ ವೈದ್ಯರು ಕಾನೂನುಬದ್ಧ ಗರ್ಭಪಾತಕ್ಕೂ ಹಿಂಜರಿಯತೊಡಗುತ್ತಾರೆ. ಆಗ ಹೆಂಗಸರು ಹೋಗುವುದು ಆಲೆಮನೆಯವರಂಥವರ ಬಳಿಗೇ.

ಐರ್ಲೆಂಡಿನ ಹೊಸ ಕಾನೂನು 2019ರ ಜನವರಿ 1ರಿಂದ ಜಾರಿಯಲ್ಲಿದೆ. ಅಲ್ಲಿ ಈಗ 12 ವಾರದವರೆಗೆ ಹೆಂಗಸು ಕಾರಣ ಹೇಳಬೇಕಿಲ್ಲ. ಮೂರು ದಿನ ಕಾಯಬೇಕೆಂಬ ಷರತ್ತು ಮಾತ್ರ ಇದೆ, ಅದನ್ನೂ ತೆಗೆಯಬೇಕೆಂಬ ಚರ್ಚೆ ನಡೆದಿದೆ. 12 ವಾರದ ನಂತರ ಜೀವದ ಜೊತೆಗೆ ಆರೋಗ್ಯಕ್ಕೆ ಗಂಭೀರ ಅಪಾಯವೂ ಸಾಕಾದ ಕಾರಣ. ಕಾನೂನು ಮೀರಿದರೆ ಶಿಕ್ಷೆ ಇತರರಿಗುಂಟು, ಗರ್ಭಿಣಿಗಿಲ್ಲ. ಭಾರತದಲ್ಲಿ ಆರನೇ ವಾರದ ಗರ್ಭಕ್ಕೂ ವೈದ್ಯರು ಒಪ್ಪುವ ಕಾರಣವೊಂದನ್ನು ಹೇಳಲೇಬೇಕು. ಮೊದಲ 12 ವಾರಗಳ ತೀರ್ಮಾನವನ್ನು ಹೆಂಗಸಿಗೆ ಬಿಡುವುದು, 88ನೇ ಕಲಮಿನಿಂದ ಆಕೆಯನ್ನು ಹೊರಗಿಡುವುದು, ತರಬೇತಿ ಪಡೆದ ವೈದ್ಯರನ್ನು ತಾಲೂಕು ಆಸ್ಪತ್ರೆಗೂ ಅದರ ಕೆಳಗಿನ ಆರೋಗ್ಯ ಕೇಂದ್ರಗಳಿಗೂ ಕೊಡುವುದು, ಈ ಮೂರರಲ್ಲಿ ಮೊದಲಿನೆರಡಕ್ಕೆ ಸಂಸತ್ತು ಬೇಕು. ಮೂರನೆಯದಕ್ಕೆ ಯಾವ ತಿದ್ದುಪಡಿಯೂ ಬೇಡ, ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಹಿರೇಕೆರೂರಿನಿಂದಲೇ ಶುರುಮಾಡಬಹುದು.